ಹೊಳೆ ತಪ್ಪಿಸಲು ಗುಡ್ಡ ಹತ್ತಬಹುದೇ?

ಓದುಗರ ಪ್ರಶ್ನೆ, ಚಾರಣಿಗರ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ನಾಲ್ವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರು. ಜೂನ್ ಎರಡನೆಯ ವಾರದಲ್ಲಿ ಸಿಯೆರಾ ನೆವಾಡ ಪರ್ವತಸಾಲಿನ ಪೂರ್ವ ಮಗ್ಗುಲಿನಿಂದ ಶೆಫರ್ಡ್ ಪಾಸ್ (ಬೆಟ್ಟಸಾಲನ್ನು ದಾಟುವ ಕಣಿವೆದಾರಿ) ಏರಿ, ಸಾಧ್ಯವಾದರೆ ಮೌಂಟ್ ವಿಲಿಯಮ್‌ಸನ್ ಶಿಖರವನ್ನೂ ಹತ್ತಬೇಕೆಂದಿದ್ದೇವೆ. ಈ ದಾರಿ ಆರಂಭದಲ್ಲೇ ಸಿಮ್ಸ್ ಹೊಳೆಯನ್ನು ನಾಲ್ಕು ಸಲ ದಾಟುತ್ತದೆ. ಈ ಚಳಿಗಾಲದಲ್ಲಿ ಹಿಮ ಹೆಚ್ಚು ಬಿದ್ದಿರುವುದರಿಂದ ಹೊಳೆ ತುಂಬಿ ಹರಿಯಬಹುದೆಂಬ ಆತಂಕವಿದೆ. ನಮ್ಮಲ್ಲಿ ಇಬ್ಬರಿಗೆ ಈಜು ಬಾರದು. ಕಾಲುದಾರಿಯನ್ನು ಬಿಟ್ಟು, ಪಕ್ಕದ ಗುಡ್ಡವನ್ನು ನೇರವಾಗಿ ಹತ್ತಿ, ಮೇಲೆ ಮತ್ತೆ ದಾರಿಯನ್ನು ಸೇರಿಕೊಳ್ಳಬಹುದೇ? ನಕ್ಷೆಯಲ್ಲಿ ಅದು ತೀರಾ ಹತ್ತಿರವಾಗಿಯೇ ಕಾಣುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ‘ನಾಲ್ಕು’ ಎಂಬ ಸಂಖ್ಯೆ. ಹೊಳೆಯನ್ನು ಒಮ್ಮೆ ದಾಟಿದವನು ಆಚೆ ದಡದಲ್ಲಿರುತ್ತಾನೆ, ಎರಡು ಸಲ ದಾಟಿದವನು ಈಚೆ ದಡಕ್ಕೆ ಮರಳಿರುತ್ತಾನೆ, ನಾಲ್ಕು ಸಲ ದಾಟಿದವನು ತಾನು ಹೊರಟ ದಡದಲ್ಲೇ ನಿಂತಿರುತ್ತಾನೆ. ಅಂದರೆ, ದಾಟುವಿಕೆಗಳ ಸಂಖ್ಯೆ ಸಮವಾಗಿದ್ದರೆ ಒಂದೇ ದಡದಲ್ಲಿ ಉಳಿದು ಮುಂದೆ ಸಾಗುವುದು ಲೆಕ್ಕದ ಮಟ್ಟಿಗೆ ಸಾಧ್ಯ. ಬೆಸವಾಗಿದ್ದರೆ ಒಂದು ಸಲವಾದರೂ ನೀರಿಗಿಳಿಯಬೇಕು, ಇಲ್ಲವೇ ಹೊಳೆಯ ಹುಟ್ಟುನೆಲೆಯನ್ನೇ ಸುತ್ತಿ ಬರಬೇಕು. ನಿಮ್ಮ ದಾರಿ ಕೊನೆಗೆ ಹತ್ತುವುದು ಸಿಮ್ಸ್ ಹೊಳೆಗೂ ಅದರ ದಕ್ಷಿಣಕ್ಕಿರುವ ಶೆಫರ್ಡ್ ಹೊಳೆಗೂ ನಡುವಿನ ದಿಣ್ಣೆಯನ್ನಾದ್ದರಿಂದ, ನಿಮಗೆ ಬೇಕಾದದ್ದು ದಕ್ಷಿಣದ ದಡ. ಕಾರು ನಿಲ್ಲಿಸಿದ ಕೂಡಲೇ ನೀವು ಯಾವ ದಡದಲ್ಲಿದ್ದೀರಿ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಲೆಕ್ಕ ಇಷ್ಟು ಸರಳವಾಗಿದ್ದರೂ ದಾರಿ ಮಾಡಿದವರು ನಾಲ್ಕು ಸಲ ದಾಟಿಸಿದ್ದಾರೆ ಎಂದರೆ ಅದಕ್ಕೆ ಕಾರಣವಿರಲೇಬೇಕು. ಸಾಮಾನು ಹೊತ್ತ ಹೇಸರಗತ್ತೆಗಳೂ ನಡೆಯುವ ನಾಡಿನಲ್ಲಿ ಯಾರೂ ಬೂಟು ತೋಯಿಸಿಕೊಳ್ಳುವ ಆಸೆಗೆ ದಾರಿಯನ್ನು ನೀರಿಗಿಳಿಸುವುದಿಲ್ಲ. ಇಕ್ಕಟ್ಟಾದ ಕಣಿವೆಯಲ್ಲಿ ಎಲ್ಲೋ ಒಂದು ಕಡೆ ಬಂಡೆಯ ಗೋಡೆ ನೇರವಾಗಿ ನೀರಿಗೇ ಇಳಿದಿರುತ್ತದೆ, ಇನ್ನೊಂದು ಕಡೆ ವಿಲೋ ಮತ್ತು ಕಾಡುಗುಲಾಬಿಯ ಪೊದೆಗಳು ದಂಡೆಯನ್ನು ಪೂರ್ತಿ ಮುಚ್ಚಿಬಿಟ್ಟಿರುತ್ತವೆ. ಆದರೆ ಅಂತಹ ಅಡಚಣೆ ಹೊಳೆಯ ಉದ್ದಕ್ಕೂ ಇರುವುದಿಲ್ಲ. ಹಾಗಾಗಿ ನಾಲ್ಕು ದಾಟುವಿಕೆಗಳನ್ನು ಒಂದೇ ಗಂಟಾಗಿ ನೋಡದೆ ಎರಡು ಜೋಡಿಗಳಾಗಿ ನೋಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ತುಣುಕನ್ನು ಈಚೆ ದಡದಲ್ಲೇ ಕಳೆಯಲಾದೀತೇ? ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ? ಒಂದು ಜೋಡಿ ತಪ್ಪಿದರೂ ಅಪಾಯ ಅರ್ಧವಾಯಿತು. ಬೂಟಿನ ಹಿಡಿತ ಸಿಗುವಷ್ಟು ದೂರ ಮಾತ್ರ ಹೋಗಿ ನೋಡಿ. ಕೈ ಊರಿ ಹತ್ತಬೇಕಾದ ಬಂಡೆ ಎದುರಾದರೆ ಹಿಂದಿರುಗಿ. ಬೆನ್ನಿಗೆ 15 ಕಿಲೋ ಹೊರೆ ಹೊತ್ತು ನೀರಿನ ಮೇಲಿನ ಬಂಡೆಯಲ್ಲಿ ಅಡ್ಡಹಾಯುವುದಕ್ಕಿಂತ ಮೊಣಕಾಲುದ್ದದ ನೀರಿನಲ್ಲಿ ನಡೆಯುವುದು ಮೇಲು.

ಇನ್ನು ನೀವು ಕೇಳಿರುವ ದಾರಿ, ಅಂದರೆ ದಿಣ್ಣೆಯ ನೆತ್ತಿಯನ್ನು ಹಿಡಿದು ಹತ್ತುವುದು, ನಕ್ಷೆಯ ಮೇಲೆ ಇನ್ನೂ ಚೆಂದವಾಗಿ ಕಾಣುತ್ತದೆ. ಎರಡು ಹೊಳೆಗಳ ನಡುವಿನ ನೀರು ಬೇರ್ಪಡುವ ಗೆರೆಯನ್ನು ಹಿಡಿದು ನಡೆದವನಿಗೆ ಯಾವ ಹೊಳೆಯೂ ಅಡ್ಡ ಬರುವುದಿಲ್ಲ. ಆದರೆ ದಾರಿ ಆರಂಭವಾಗುವುದು ಸುಮಾರು 6,300 ಅಡಿ ಎತ್ತರದಲ್ಲಿ, ದಿಣ್ಣೆಯ ತಗ್ಗನ್ನು, ಅಂದರೆ ನೆತ್ತಿಯ ಸಾಲಿನಲ್ಲಿ ಆಚೆಗೆ ದಾಟಲು ಸಿಗುವ ತಗ್ಗಾದ ಜಾಗವನ್ನು, ಅದು ಸೇರುವುದು ಸುಮಾರು 9,200 ಅಡಿ ಎತ್ತರದಲ್ಲಿ. ಹತ್ತಾರು ಹಾವುತಿರುವುಗಳಲ್ಲಿ ಕಾಲುದಾರಿ ನಿಧಾನವಾಗಿ ಗೆಲ್ಲುವ ಈ ಎತ್ತರವನ್ನು ನೀವು ನೇರವಾಗಿ, ಶಿಥಿಲಗೊಂಡು ಮರಳಾದ ಗ್ರಾನೈಟಿನ ಮೇಲೆ, ಎರಡು ಹೆಜ್ಜೆಗೆ ಒಂದು ಹೆಜ್ಜೆ ಜಾರುತ್ತಾ ಗೆಲ್ಲಬೇಕಾಗುತ್ತದೆ. ನಕ್ಷೆಯ ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 40 ಅಡಿ. ಅದಕ್ಕಿಂತ ಗಿಡ್ಡನೆಯ, ಆದರೆ ನಿಮ್ಮನ್ನು ನಿಲ್ಲಿಸಲು ಸಾಕಾಗುವ 30 ಅಡಿಯ ಬಂಡೆಗೋಡೆಯೊಂದು ಎರಡು ಗೆರೆಗಳ ನಡುವೆ ಸದ್ದಿಲ್ಲದೆ ಅಡಗಿ ಕೂರಬಲ್ಲದು. ಅಷ್ಟೇ ಅಲ್ಲ, ಪೂರ್ವಕ್ಕೆ ಮುಖ ಮಾಡಿದ ಈ ಮೈಗೆ ಬೆಳಗಿನಿಂದಲೇ ಬಿಸಿಲು ಬೀಳುತ್ತದೆ. ಹೊಳೆಯನ್ನು ಬಿಟ್ಟವರಿಗೆ ದಿಣ್ಣೆಯ ಮೇಲೆ ಹನಿ ನೀರೂ ಸಿಗುವುದಿಲ್ಲ. ನೀರನ್ನು ತಪ್ಪಿಸಿಕೊಳ್ಳಲು ಹೊರಟವರು ತಲಾ ನಾಲ್ಕು ಲೀಟರ್ ನೀರನ್ನು ಹೊತ್ತುಕೊಂಡೇ ಹತ್ತಬೇಕು.

ಇಂತಹ ಬಳಸುದಾರಿಯ ರುಚಿಯನ್ನು ನಾನೂ ಒಮ್ಮೆ ನೋಡಿದ್ದೇನೆ. ಹಲವು ವರ್ಷಗಳ ಹಿಂದೆ, ಮಲೆನಾಡಿನ ಆಷಾಢದ ಮಳೆಯಲ್ಲಿ, ಬೆಳಗ್ಗೆ ಮೀನಖಂಡದ ಮಟ್ಟಕ್ಕಿದ್ದ ಹಳ್ಳವೊಂದು ಮಧ್ಯಾಹ್ನ ನಾವು ಮರಳುವ ಹೊತ್ತಿಗೆ ಸೊಂಟದ ಮಟ್ಟಕ್ಕೆ ಏರಿ, ಕೆಂಪಾಗಿ, ತರಗೆಲೆಗಳನ್ನು ಹೊತ್ತು ಹರಿಯುತ್ತಿತ್ತು. ಮೇಲಕ್ಕೆ ಹೋದರೆ ಹಳ್ಳ ಸಣ್ಣದಾಗುತ್ತದೆಂಬ ಜಾಣತನದಿಂದ ನಾವಿಬ್ಬರು ವಾಟೆಬಿದಿರಿನ ಹಿಂಡಿಲಿನೊಳಗೆ ನುಗ್ಗಿದೆವು. 300 ಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು. ಕಾಲಿಗೆ ಹತ್ತಿದ ಉಂಬಳಗಳನ್ನು ಎಣಿಸುವುದನ್ನು ಅರ್ಧದಲ್ಲೇ ಬಿಟ್ಟೆವು. ಮೇಲೆ ತಲುಪಿದರೆ ಒಂದು ಹಳ್ಳದ ಬದಲು ಎರಡು ಕವಲು, ಎರಡಕ್ಕೂ ಜಾರುಬಂಡೆಯ ದಂಡೆ. ಸೋತು ಕೆಳಗಿಳಿದು ಮೊದಲಿನ ಜಾಗಕ್ಕೆ ಬಂದಾಗ, ಮಳೆ ನಿಂತು ಬಹಳ ಹೊತ್ತಾಗಿದ್ದರಿಂದ, ನೀರು ಮೊಣಕಾಲಿಗಿಂತ ಕೆಳಗಿತ್ತು.

ನಿಮ್ಮ ಹೊಳೆಗೂ ಇಂತಹ ಇಳಿತವಿದೆ. ಅದೂ ಬಹುಮಟ್ಟಿಗೆ ಗಡಿಯಾರ ಹಿಡಿದಂತೆ. ಹಿಮ ಕರಗುವುದು ಹಗಲಿನ ಬಿಸಿಲಿಗೆ. ರಾತ್ರಿ ಚಳಿಗೆ ಆ ಕರಗುವಿಕೆ ತಗ್ಗುತ್ತದೆ. ಆದ್ದರಿಂದ ಸಿಯೆರಾದ ಹಿಮಹೊಳೆಗಳು ಸಾಮಾನ್ಯವಾಗಿ ಮುಂಜಾವಿನಲ್ಲಿ ತೀರಾ ಇಳಿದು, ಇಳಿಹೊತ್ತಿನಿಂದ ಸಂಜೆಯವರೆಗೆ ತುಂಬಿ ಹರಿಯುತ್ತವೆ. ನೀರಿನ ವೇಗ ಎರಡು ಪಟ್ಟಾದರೆ ಅದು ನಿಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನೆದರೆ, ಒಂದೇ ಹೊಳೆ ಬೆಳಗ್ಗೆ ಒಂದು, ಸಂಜೆ ಇನ್ನೊಂದು ಎಂದು ಏಕೆ ಹೇಳುತ್ತಾರೆಂಬುದು ತಿಳಿಯುತ್ತದೆ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ, ಹಿಂದಿನ ರಾತ್ರಿ ದಾರಿಯ ಬುಡದಲ್ಲೇ ಮಲಗಿ, ಬೆಳಕು ಹರಿಯುವ ಹೊತ್ತಿಗೆ ನಾಲ್ಕನ್ನೂ ದಾಟಿ ಮುಗಿಸುವುದು ಗುಡ್ಡ ಹತ್ತುವುದಕ್ಕಿಂತ ಉತ್ತಮವಾದ ಬಳಸುದಾರಿ.

ಈಜಿನ ಮಾತಿಗೆ ಬಂದರೆ, ಅಂತಹ ಹೊಳೆಯಲ್ಲಿ ಈಜು ಬಂದರೂ ಹೆಚ್ಚಿನ ಉಪಯೋಗವಿಲ್ಲ. ಕಲ್ಲುಗಳ ನಡುವೆ ಪಾದ ಸಿಕ್ಕಿಕೊಳ್ಳುವುದು, ಅಡ್ಡ ಬಿದ್ದ ಮರದ ಕೆಳಕ್ಕೆ ಸೆಳವು ಎಳೆದೊಯ್ಯುವುದು, ಇವೇ ಜೀವ ತೆಗೆಯುವುದು. ಭಾರಿ ಹಿಮ ಬಿದ್ದ ಚಳಿಗಾಲದ ಬೆನ್ನಿಗೆ, 2017ರ ಬೇಸಿಗೆಯಲ್ಲಿ, ಇದೇ ಸಿಯೆರಾದಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೈಲ್ ಎಂಬ ದೂರದ ಚಾರಣದಾರಿಯಲ್ಲಿ ನಡೆಯುತ್ತಿದ್ದ ಇಬ್ಬರು ಮಹಿಳೆಯರು ಬೇರೆ ಬೇರೆ ಹೊಳೆಗಳ ಪಾಲಾದರು. ಬೂಟು ಬಿಚ್ಚಬೇಡಿ; ಚೀಲದ ಸೊಂಟಪಟ್ಟಿಯನ್ನು ಮಾತ್ರ ಬಿಚ್ಚಿಡಿ; ಹೊಳೆ ಕಿರಿದಾದ ಕಡೆಯಲ್ಲ, ಅಗಲವಾಗಿ ಹರಡಿ ತೆಳುವಾದ ಕಡೆ ದಾಟಿ; ಕೆಳಗಡೆ ಮರ ಬಿದ್ದಿದ್ದರೆ ಆ ಜಾಗವೇ ಬೇಡ. ಮುಂಜಾವಿನಲ್ಲೂ ತೊಡೆಯ ಮಟ್ಟಕ್ಕೆ ನೊರೆಯೊಡನೆ ಹರಿಯುತ್ತಿದ್ದರೆ ಆ ವಾರ ಶೆಫರ್ಡ್ ಪಾಸ್ ನಿಮ್ಮದಲ್ಲ.

ಬಹಳ ಮಂದಿ ಮರೆಯುವುದು ಮರಳುವ ದಿನವನ್ನು. ಸುಮಾರು 12,000 ಅಡಿಯ ಪಾಸಿನಿಂದ ಬೆಳಗ್ಗೆ ಆರಾಮವಾಗಿ ಹೊರಟರೆ ನೀವು ಸಿಮ್ಸ್ ಹೊಳೆಗೆ ಬಂದು ನಿಲ್ಲುವುದು ಅದು ಅತ್ಯಂತ ತುಂಬಿರುವ ಹೊತ್ತಿನಲ್ಲೇ, ಅದೂ ದಣಿದ ಕಾಲುಗಳಲ್ಲಿ, ಕಾರು ಕೂಗಳತೆಯಲ್ಲಿದೆ ಎಂಬ ಆತುರದಲ್ಲಿ. ಹಾಗಾಗಿ ಕೊನೆಯ ರಾತ್ರಿ ಪಾಸಿನ ಕೆಳಗಿರುವ ಆ್ಯನ್ವಿಲ್ ಕ್ಯಾಂಪಿನಲ್ಲಿ ತಂಗಿ, ನಸುಕಿಗಿಂತ ಬಹಳ ಮೊದಲೇ ಟಾರ್ಚಿನ ಬೆಳಕಿನಲ್ಲಿ ಇಳಿಯಲು ಆರಂಭಿಸಿ. ನಡುವೆ ದಿಣ್ಣೆಯ ತಗ್ಗಿಗೆ ಸುಮಾರು 500 ಅಡಿಯ ಏರಿದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ತಡವಾಯಿತೆಂದರೆ ಮೊದಲ ದಾಟುವಿಕೆಗೆ ಮುನ್ನವೇ, ನೀರಿನಿಂದ ಸಾಕಷ್ಟು ಎತ್ತರದಲ್ಲಿ, ಇನ್ನೊಂದು ರಾತ್ರಿ ಕಳೆಯಲು ಬೇಕಾದಷ್ಟು ಊಟವನ್ನು ಹೆಚ್ಚಾಗಿ ಇಟ್ಟುಕೊಂಡಿರಿ. ಮೇಲಿನಿಂದ ಅಡ್ಡದಾರಿ ಹಿಡಿದು ಇಳಿಯುವುದನ್ನಂತೂ ಮಾಡಲೇಬೇಡಿ. ಹತ್ತುವಾಗ ಎದುರಿಗೆ ಕಾಣುವ ಬಂಡೆ, ಇಳಿಯುವಾಗ ಅಂಚಿಗೆ ಬಂದು ನಿಂತ ಮೇಲಷ್ಟೇ ಕಾಣುತ್ತದೆ.

ಪ್ರಶ್ನೆ: ಮುಂಜಾವಿನಲ್ಲಿ ಹೊಳೆ ಇಳಿದಿರುತ್ತದೆ ಎಂಬ ಮಾತನ್ನು ನಾನೂ ಕೇಳಿದ್ದೇನೆ. ನಮ್ಮ ಪಶ್ಚಿಮ ಘಟ್ಟಗಳಿಗೂ ಅದು ಅನ್ವಯಿಸುತ್ತದೆಯೇ? (ಓದುಗರು, ಸುಳ್ಯ)

ಉತ್ತರ: ಇಲ್ಲ. ನಮ್ಮ ಹೊಳೆ ಏರುವುದು ಬಿಸಿಲಿಗಲ್ಲ, ಮಳೆಗೆ. ರಾತ್ರಿಯಿಡೀ ಸುರಿದರೆ ಮುಂಜಾವಿನಲ್ಲೇ ತುಂಬಿರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದು ಮೇಲಿನ ಗುಡ್ಡದಲ್ಲಿ ಮಳೆ ಸುರಿದರೂ ನೀರು ಬರುತ್ತದೆ. ನಿಮಗೆ ಹತ್ತಿರದ ಕುಮಾರ ಪರ್ವತದಂತಹ ಕಡೆ ಗುಡ್ಡದ ಮಡಿಕೆಗಳಲ್ಲಿ ಶೋಲಾ ಕಾಡು ಮತ್ತು ಹಳ್ಳ, ನೆತ್ತಿಯಲ್ಲಿ ಹುಲ್ಲು ಇರುವುದರಿಂದ ಆ ನೆತ್ತಿಯ ಮೇಲೆ ನಡೆದರೆ ಹಳ್ಳ ತಪ್ಪುತ್ತದೆಂಬುದು ನಿಜವೇ. ಆದರೆ ಅದು ಪುಷ್ಪಗಿರಿ ವನ್ಯಜೀವಿಧಾಮ, ಅರಣ್ಯ ಇಲಾಖೆ ಅನುಮತಿಸಿದ ದಾರಿಯನ್ನು ಬಿಟ್ಟು ನಡೆಯುವಂತಿಲ್ಲ. ಹಳ್ಳದ ಬದಿಯಲ್ಲಿ ಕಾಯಬೇಕಾಗಿ ಬಂದಾಗ ನಾನು ಮಾಡುವುದಿಷ್ಟು: ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿಯನ್ನು ನೆಟ್ಟು, ದಂಡೆಯಿಂದ ಮೇಲೆ ಹೋಗಿ ಕುಳಿತು, ಅರ್ಧ ಗಂಟೆಗೊಮ್ಮೆ ಬಂದು ನೋಡುವುದು. ಕಡ್ಡಿ ಮುಳುಗಿದ್ದರೆ ಬಂದ ದಾರಿಯಲ್ಲೇ ಹಿಂದಿರುಗುವುದು. ಕಡ್ಡಿಗೂ ನೀರಿಗೂ ನಡುವೆ ಒಂದು ಗೇಣಿನಷ್ಟು ಒದ್ದೆ ಮಣ್ಣು ಕಾಣಿಸಿದರೆ ಇನ್ನೂ ಸ್ವಲ್ಪ ಹೊತ್ತು ಕಾಯುವುದು.