ನಾಣ್ಯ ಬೀಳಬಾರದು
(ಓದುಗರ ಪ್ರಶ್ನೆಗಳಿಗೆ ನಿವೃತ್ತ ಸುಬೇದಾರರೊಬ್ಬರ ಉತ್ತರ)

ಪ್ರಶ್ನೆ: ಅಗ್ನಿವೀರ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಯೂಟ್ಯೂಬ್‌ನಲ್ಲಿ ಅಮೆರಿಕ, ಬ್ರಿಟನ್ ಸೈನಿಕರ ರೈಫಲ್ ನೋಡಿದರೆ ನಾವು ಹಿಂದೆ ಇದ್ದೇವೆ ಅನ್ನಿಸುತ್ತದೆ. ಒಳ್ಳೆಯ ರೈಫಲ್ ಕೊಟ್ಟರೆ ಗುರಿ ತಾನಾಗಿಯೇ ಬರುತ್ತದೆಯೇ? ಯಾವ ದೇಶದ ತರಬೇತಿ ಮೇಲು? — ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ತಾನಾಗಿಯೇ ಬರುವುದಿಲ್ಲ ತಮ್ಮಾ. 1984ರಲ್ಲಿ ನಾನು ರಂಗರೂಟ, ಅಂದರೆ ಹೊಸದಾಗಿ ಸೇರಿದ ಸೈನಿಕ, ಆಗಿದ್ದಾಗ ಕೈಗೆ ಬಂದದ್ದು ಎಸ್ಎಲ್ಆರ್ (ಸೆಲ್ಫ್ ಲೋಡಿಂಗ್ ರೈಫಲ್). 7.62 ಮಿ.ಮೀ. ಗುಂಡು. ಮ್ಯಾಗಜಿನ್ ತುಂಬಿದರೆ ಹತ್ತಿರ ಹತ್ತಿರ 5 ಕಿಲೋ ತೂಕ. ಮೊದಲ ದಿನ ಐದು ಗುಂಡು ಹಾರಿಸಿದೆ. ಟಾರ್ಗೆಟ್‌ಗೆ ಒಂದೂ ಬೀಳಲಿಲ್ಲ. ಭುಜಕ್ಕೆ ಬೀಳುವ ಪೆಟ್ಟು ನೆನೆದು, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ನನಗದು ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಮಲಗಿ ನನ್ನ ಮುಖವನ್ನೇ ನೋಡುತ್ತಿದ್ದ ಉಸ್ತಾದರಿಗೆ, ಅಂದರೆ ತರಬೇತಿ ಕೊಡುವವರಿಗೆ, ಗೊತ್ತಾಯಿತು.

ಅವರು ಬೈಯಲಿಲ್ಲ. ಸಂಜೆ ಖಾಲಿ ರೈಫಲ್ ಕೊಟ್ಟು ಮಲಗಿಸಿದರು. ನಳಿಗೆಯ ತುದಿ ಮೇಲೆ ಹತ್ತು ಪೈಸೆ ನಾಣ್ಯ ಇಟ್ಟರು. ಆಗಿನ ಹತ್ತು ಪೈಸೆ ಅಲ್ಯೂಮಿನಿಯಂದು, ಉಸಿರು ಬಿಟ್ಟರೂ ಅಲುಗುವಷ್ಟು ಹಗುರ. 'ಶಿಸ್ತ್ (ಗುರಿ) ತಗೋ, ಟ್ರಿಗರ್ ಒತ್ತು, ನಾಣ್ಯ ಬೀಳಬಾರದು' ಅಂದರು. ನಾಲ್ಕು ಸಂಜೆ ಅದೇ ಕೆಲಸ. ನಾಣ್ಯ ಬಿದ್ದಾಗಲೆಲ್ಲ ಸುಮ್ನೆ ಎತ್ತಿ ಮತ್ತೆ ಇಡುತ್ತಿದ್ದರು. ಐದನೇ ದಿನ ರೇಂಜಿನಲ್ಲಿ ನನ್ನ ಐದೂ ಗುಂಡು ಅಂಗೈಯಗಲದಲ್ಲಿ ಬಿದ್ದಿದ್ದವು. ರೈಫಲ್ ಅದೇ!

ಬ್ರಿಟಿಷರ ಕಥೆಯೂ ಇದೇ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರ್ ರೈತರು ಜರ್ಮನಿಯ ಮೌಸರ್ ರೈಫಲ್ ಹಿಡಿದು ಬ್ರಿಟಿಷ್ ಪಡೆಗೆ ದೂರದಿಂದಲೇ ಪೆಟ್ಟು ಕೊಟ್ಟರು. ಅದರ ಪಾಠ ಕಲಿತ ಬ್ರಿಟಿಷರು ತರಬೇತಿಯನ್ನೇ ಬದಲಿಸಿದರು. 1914ರ ಹೊತ್ತಿಗೆ ಅವರ ಕಾಲಾಳು 300 ಗಜದ ಟಾರ್ಗೆಟ್‌ಗೆ ಒಂದು ನಿಮಿಷದಲ್ಲಿ ಗುರಿಯಿಟ್ಟು 15 ಗುಂಡು ಹೊಡೆಯಬೇಕಿತ್ತು. ಅದೂ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಲೀ ಎನ್‌ಫೀಲ್ಡ್‌ನಲ್ಲಿ. ಮ್ಯಾಗಜಿನ್‌ನಲ್ಲಿ ಹತ್ತೇ ಗುಂಡು, ನಡುವೆ ತುಂಬಿಕೊಳ್ಳಲೂ ಬೇಕು. ಮೊದಲ ಮಹಾಯುದ್ಧದಲ್ಲಿ ಎದುರಿಗಿದ್ದ ಜರ್ಮನ್ನರ ಮೌಸರ್ ಕೂಡ ಬಹಳ ಒಳ್ಳೆಯ ರೈಫಲ್ಲೇ. ಆದರೆ ಇವರ ಕೈ ಅಷ್ಟು ಪಳಗಿತ್ತು.

ಹಾಗಂತ ರೈಫಲ್ ಹೇಗಿದ್ದರೂ ನಡೆಯುತ್ತದೆ ಅಂತ ನಾನು ಹೇಳಲಾರೆ. 1962ರಲ್ಲಿ ನಮ್ಮ ಜವಾನರ ಕೈಯಲ್ಲಿ ಇದ್ದದ್ದು ಅದೇ ಬೋಲ್ಟಿನ ಎನ್‌ಫೀಲ್ಡ್. ಚೀನಿಯರ ಹತ್ತಿರ ತಾನಾಗಿ ಮುಂದಿನ ಗುಂಡು ಏರಿಸಿಕೊಳ್ಳುವ ರೈಫಲ್ ಇತ್ತು. ಹಿಮದಲ್ಲಿ ನಿಂತ ಎಷ್ಟೋ ಜನರಿಗೆ ಸರಿಯಾದ ಬೆಚ್ಚನೆ ಬಟ್ಟೆಯೂ ಇರಲಿಲ್ಲ. ಬೆರಳು ಮರಗಟ್ಟಿದರೆ ಗುರಿ ಎಲ್ಲಿಂದ ಬರಬೇಕು? ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 1999ರ ಕಾರ್ಗಿಲ್‌ನಲ್ಲೂ ನಮ್ಮ ದೇಶದಲ್ಲೇ ಮಾಡಿದ ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜಿನ್ ಚಳಿಗೆ ಸೀಳಿದ್ದು ನಿಜ. 2019ರಲ್ಲಿ ನಮ್ಮ ಸೇನೆ 72,400 ಸಿಗ್ 716 ರೈಫಲ್ ತರಿಸಲು ಒಪ್ಪಂದ ಮಾಡಿಕೊಂಡಿತು. ಅಮೇಠಿ ಹತ್ತಿರದ ಕೋರ್ವಾದಲ್ಲಿ ಎಕೆ-203 ತಯಾರಾಗುತ್ತಿದೆ. ಹಿಂದೆ ಇದ್ದೇವೆ ಅನ್ನುವ ಚಿಂತೆ ಬಿಡು.

ಇನ್ನು ತರಬೇತಿ. ಅಮೆರಿಕದ ಸೇನೆಯಲ್ಲಿ 40 ಗುಂಡು, 40 ಟಾರ್ಗೆಟ್. 50ರಿಂದ 300 ಮೀಟರ್ ನಡುವೆ ಮನುಷ್ಯಾಕಾರದ ಹಲಗೆ ಫಟ್ಟಂತ ಏಳುತ್ತದೆ. ಕೆಲವೇ ಸೆಕೆಂಡು ನಿಲ್ಲುತ್ತದೆ, ತಗುಲಿದರೆ ಬೀಳುತ್ತದೆ. 23 ಬಿದ್ದರೆ ಪಾಸ್, 36 ಅಥವಾ ಹೆಚ್ಚು ಬಿದ್ದರೆ ಎಕ್ಸ್‌ಪರ್ಟ್. ಅವರದೇ ಮರೀನ್‌ಗಳು 500 ಗಜದಿಂದಲೂ ಹೊಡೆದು ಕಲಿಯುತ್ತಾರೆ. ಬ್ರಿಟಿಷರು 1980ರ ದಶಕದಲ್ಲೇ ಕಾಲಾಳಿನ ರೈಫಲ್ ಮೇಲೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಕೂರಿಸಿದರು. ಸ್ವಿಟ್ಜರ್ಲೆಂಡ್‌ನಲ್ಲಿ ಸೈನಿಕ ರೈಫಲ್ಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸೇವೆಯಲ್ಲಿ ಇರುವಷ್ಟು ವರ್ಷ 20 ಗುಂಡಿನ ಕಡ್ಡಾಯ ಪರೀಕ್ಷೆಗೆ ಹೋಗಬೇಕು.

ನನ್ನನ್ನು ಕೇಳಿದರೆ, ಮೊದಲು ಕಾಗದದ ದುಂಡು ಟಾರ್ಗೆಟ್ ಮೇಲೆ ಕೈ ಕೂರಬೇಕು. ಯಾಕೆಂದರೆ ಬಿದ್ದ ಹಲಗೆ 'ತಗುಲಿತು' ಅಂತ ಮಾತ್ರ ಹೇಳುತ್ತದೆ. ಎಡಕ್ಕೆ ಎಷ್ಟು, ಕೆಳಗೆ ಎಷ್ಟು ಅಂತ ಹೇಳುವುದು ಕಾಗದದ ತೂತು. ಆಮೇಲೆ ಏಳುವ ಹಲಗೆ, ಓಡಿ ಬಂದು ಏದುಸಿರಿನಲ್ಲಿ ಹೊಡೆಯುವುದು. ನೀನು ಯಾವುದೇ ಸೇನೆಯ ವಿಡಿಯೋ ನೋಡು, ರೈಫಲ್ ಜೊತೆಗೆ ಇನ್ನೆರಡು ನೋಡು: ಒಬ್ಬ ಜವಾನನಿಗೆ ವರ್ಷಕ್ಕೆ ಎಷ್ಟು ಗುಂಡು ಸಿಗುತ್ತದೆ, ಅವನ ಪಕ್ಕದಲ್ಲಿ ಉಸ್ತಾದ್ ಮಲಗಿದ್ದಾನೆಯೇ.

ಪ್ರಶ್ನೆ: ನಮ್ಮಲ್ಲಿ ಕೈಲ್‌ಪೋದ್ (ಕೊಡವರ ಆಯುಧ ಪೂಜೆ) ಹಬ್ಬಕ್ಕೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಅದು ಸೇನೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ? — ಗೃಹಿಣಿ, ಮಡಿಕೇರಿ

ಉತ್ತರ: ಖಂಡಿತ ಬರುತ್ತದೆ ಅಕ್ಕ. ಕೊಡಗಿನ ಹುಡುಗರು ಸದ್ದಿಗೆ ಬೆಚ್ಚುವುದಿಲ್ಲ. ನನಗೆ ನಾಲ್ಕು ಸಂಜೆ ಹಿಡಿದದ್ದು ಅವರಿಗೆ ಮನೆಯಲ್ಲೇ ಬಂದಿರುತ್ತದೆ. ಒಂದೇ ತೊಡಕು. ತೆಂಗಿನಕಾಯಿ ನಿಂತಲ್ಲೇ ಇರುತ್ತದೆ, ಹೊಡೆಯುವವರೂ ಆರಾಮಾಗಿ ನಿಂತು ಹೊಡೆಯುತ್ತಾರೆ. ರೇಂಜಿನಲ್ಲಿ ಮಲಗಿ, ಕೂತು, ಮೊಣಕಾಲೂರಿ ಹೊಡೆಯಬೇಕು. ನನ್ನ ಕೈಕೆಳಗೆ ಬಂದ ಕೊಡಗಿನ ಹುಡುಗನೊಬ್ಬ ನಿಂತು ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ. ಮಲಗಿದರೆ ಮೊಣಕೈ ಎಲ್ಲಿ ಊರಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಅದನ್ನು ಒಂದು ವಾರದಲ್ಲಿ ಕಲಿತ.