ಫೈಟರ್ ಮೀನಿಗೆ ಹೊಟ್ಟೆ ಬಂದಿದೆಯಾ? ಮೇಲಿಂದ ನೋಡಿ

ಪ್ರಶ್ನೆ: ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ನೀಲಿ ಬೆಟ್ಟಾ (ಫೈಟರ್ ಮೀನು) ಇದೆ, ಗಂಡು. ಹದಿನೈದು ಲೀಟರ್ ಟ್ಯಾಂಕು, ಫಿಲ್ಟರ್ ಕೂಡ ಇದೆ. ಇತ್ತೀಚೆಗೆ ಅದರ ಹೊಟ್ಟೆ ದಪ್ಪ ಆಗಿದೆ ಅಂತ ನನಗೆ ಅನುಮಾನ. ಮಗಳು ಸರಿಯಾಗೇ ಇದೆ ಅಂತಾಳೆ. ನಮ್ಮ ಅತ್ತೆಯಂತೂ ‘ಪಾಪ, ಸೊರಗಿದೆ’ ಅಂತ ಇನ್ನೆರಡು ಕಾಳು ಹಾಕುತ್ತಾರೆ. ಹತ್ತಿರ ಹೋದರೆ ಸಾಕು, ಎಷ್ಟೋ ದಿನದಿಂದ ಉಪವಾಸ ಇದ್ದ ಹಾಗೆ ಕುಣಿಯುತ್ತದೆ. ಮೀನಿನ ತೂಕ ನೋಡುವುದು ಹೇಗೆ? ದಿನಕ್ಕೆ ಎಷ್ಟು ಹಾಕಬೇಕು?
ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಮನೆಯಲ್ಲಿ ಮೂರು ಜನ, ಮೂರು ಅಭಿಪ್ರಾಯ, ಬಹುಶಃ ಮೂರು ಸಲ ಊಟ.

ಮೊದಲು ತೂಕದ ಮಾತು. ತಕ್ಕಡಿ ಬೇಡವೇ ಬೇಡ. ಬೆಳೆದ ಬೆಟ್ಟಾ ಅಂದರೂ ಎರಡು ಗ್ರಾಂ ಆಚೀಚೆ ಇರುತ್ತದೆ ಅಷ್ಟೆ, ಅಡುಗೆಮನೆಯ ತಕ್ಕಡಿಗೆ ಅದು ಲೆಕ್ಕಕ್ಕೇ ಇಲ್ಲ, ಜೊತೆಗೆ ನೀರಿಂದ ಎತ್ತಿ ತೂಗಲು ಹೋದರೆ ಮೈಮೇಲಿನ ಲೋಳೆ ಕಿತ್ತು ಮೀನಿಗೆ ಬೇರೆಯೇ ತೊಂದರೆ ಶುರುವಾಗುತ್ತದೆ. ಕಣ್ಣೇ ಸಾಕು. ಆದರೆ ನಾವೆಲ್ಲ ನೋಡುವುದು ಪಕ್ಕದಿಂದ. ಪಕ್ಕದಿಂದ ಕಾಣುವುದು ಆ ಸೆರಗಿನಂಥ ರೆಕ್ಕೆಗಳು, ಮೈ ಅಲ್ಲ. ದುಂಡನೆಯ ಗಾಜಿನ ಬೌಲ್ ಆಗಿದ್ದರಂತೂ ಸಣಕಲು ಮೀನೂ ಪೈಲ್ವಾನನ ಹಾಗೆ ಕಾಣುತ್ತದೆ.

ಬೆಳಿಗ್ಗೆ ಊಟ ಹಾಕುವ ಮೊದಲು ಮುಚ್ಚಳ ತೆಗೆದು ನೇರ ಮೇಲಿಂದ ನೋಡಿ. ತಲೆ, ಹೊಟ್ಟೆ ಎರಡೂ ಹೆಚ್ಚುಕಡಿಮೆ ಒಂದೇ ಅಗಲ ಇದ್ದು, ಅಲ್ಲಿಂದ ಬಾಲದ ಕಡೆಗೆ ಮೈ ನಿಧಾನವಾಗಿ ಸಣ್ಣಗಾಗುತ್ತಾ ಹೋಗಬೇಕು. ತಲೆಗಿಂತ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿದ್ದರೆ ಊಟ ಜಾಸ್ತಿ ಆಗಿದೆ. ತಲೆ ದೊಡ್ಡದಾಗಿದ್ದು, ಅದರ ಹಿಂದೆ ಮೈ ಸಟಕ್ಕನೆ ಕಿರಿದಾಗಿ ಗೊದಮೊಟ್ಟೆ ಹಾಗೆ ಕಂಡರೆ ಸಾಲುತ್ತಿಲ್ಲ ಅಂತ ಅರ್ಥ. ಊಟ ಆದ ತಕ್ಷಣ ಯಾವ ಮೀನಿನ ಹೊಟ್ಟೆಯೂ ಸ್ವಲ್ಪ ಉಬ್ಬುತ್ತದೆ, ನಮ್ಮದೂ ಅಷ್ಟೇ ಅಲ್ವಾ? ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ಮಾತ್ರ ಯೋಚಿಸಿ. ನಿಮ್ಮದು ಗಂಡು. ಹೆಣ್ಣಾಗಿದ್ದರೆ ಮೊಟ್ಟೆ ತುಂಬಿಕೊಂಡಿರಬಹುದು ಅಂತಲೂ ಹೇಳುತ್ತಿದ್ದೆ.

ಒಂದು ಎಚ್ಚರಿಕೆ. ಮೇಲಿಂದ ನೋಡಿದಾಗ ಹುರುಪೆಗಳು ಹಲಸಿನಕಾಯಿ ಮುಳ್ಳಿನ ಹಾಗೆ ಎದ್ದು ನಿಂತಿದ್ದರೆ ಅದು ಕೊಬ್ಬಲ್ಲ, ಮೈಯೊಳಗೆ ನೀರು ತುಂಬಿಕೊಳ್ಳುತ್ತಿದೆ. ಡ್ರಾಪ್ಸಿ ಅನ್ನುತ್ತಾರೆ. ಅದಕ್ಕೆ ಊಟ ಬಿಡಿಸಿ ಪ್ರಯೋಜನ ಇಲ್ಲ, ಮೀನಿನ ಬಗ್ಗೆ ಗೊತ್ತಿರುವ ಪಶುವೈದ್ಯರನ್ನು ಬೇಗ ಕೇಳಿ. ಒಂದೇ ಪಕ್ಕದಲ್ಲಿ ಗಂಟಿನಂತೆ ಊದಿದ್ದರೂ ಅಷ್ಟೆ, ಗೆಡ್ಡೆ ಇರಬಹುದು.

ಇನ್ನು ಊಟ. ಒಂದು ಮಿಲಿಮೀಟರ್ ಗಾತ್ರದ ಕಾಳು (ಪೆಲೆಟ್) ಆದರೆ ಬೆಳಿಗ್ಗೆ ಎರಡೋ ಮೂರೋ, ಸಂಜೆ ಎರಡೋ ಮೂರೋ. ಎಣಿಸಿ ಹಾಕಿ. ‘ಒಂದು ಚಿಟಿಕೆ’ ಅನ್ನುವ ಅಳತೆ ಒಗ್ಗರಣೆಗೆ ಸರಿ, ಇಲ್ಲಿ ಬೇಡ. ಬೆಟ್ಟಾದ ಹೊಟ್ಟೆ ಅದರ ಕಣ್ಣಿನಷ್ಟೇ ಅಂತ ಸಾಕುವವರು ಹೇಳುತ್ತಾರೆ, ಅದು ಕರಾರುವಾಕ್ಕಾದ ಲೆಕ್ಕ ಏನಲ್ಲ, ಹೊಟ್ಟೆ ಹಿಗ್ಗುತ್ತದೆ, ಆದರೂ ನಮ್ಮ ಕೈ ತಡೆಯಲು ಒಳ್ಳೆಯ ಲೆಕ್ಕ. ವಾರಕ್ಕೊಂದು ದಿನ ಏನೂ ಹಾಕಬೇಡಿ.

ಕುಣಿತಕ್ಕೆ ಮರುಳಾಗಬೇಡಿ. ಇದರ ಮೂಲ ಥಾಯ್ಲೆಂಡ್ ಕಡೆಯ ಭತ್ತದ ಗದ್ದೆ, ಕೊಳ, ಜೌಗು. ನೀರಿಗೆ ಬಿದ್ದ ಹುಳ, ಸೊಳ್ಳೆಮರಿ ತಿಂದು ಬದುಕುವ ಜೀವ, ನಾಳೆ ಸಿಗುತ್ತೋ ಇಲ್ಲವೋ ಅಂತ ಸಿಕ್ಕಾಗಲೆಲ್ಲ ನುಂಗುತ್ತದೆ. ನಿಮ್ಮ ಮುಖ ಕಂಡರೆ ಊಟ ಬರುತ್ತದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತಾಗಿದೆ. ಈಗಷ್ಟೇ ತಿಂದಿದ್ದರೂ ಕುಣಿಯುತ್ತದೆ.

ನಾನೂ ಇದಕ್ಕೆ ಬೇಸ್ತು ಬಿದ್ದವನೇ. ನನ್ನ ಮೊದಲ ಬೆಟ್ಟಾಗೆ ಒಣಗಿಸಿದ ಬ್ಲಡ್‌ವರ್ಮ್ (ಕೆಂಪು ಹುಳ) ಅಂದರೆ ಪ್ರಾಣ. ಆ ಒಣ ಹುಳ ನೀರು ಕುಡಿದು ಊದಿಕೊಳ್ಳುತ್ತದೆ ಅನ್ನುವುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಮೀನು ಮಗ್ಗುಲಾಗಿ ಮೇಲೆ ತೇಲುತ್ತಿದೆ, ಕೆಳಗೆ ಹೋಗಲು ಬಾಲ ಬಡಿಯುತ್ತದೆ, ಮತ್ತೆ ಸೋರೆಬುರುಡೆಯ ಹಾಗೆ ಮೇಲೆ ಬರುತ್ತದೆ. ಮೂರು ದಿನ ಏನೂ ಹಾಕಲಿಲ್ಲ, ಸುಮ್ನೆ ಬಿಟ್ಟೆ. ನಾಲ್ಕನೇ ದಿನ ನೆಟ್ಟಗಾಯಿತು. ಆಮೇಲೆ ಮನೆಯಲ್ಲಿ ವಿಚಾರಿಸಿದರೆ ನಾನು ಒಬ್ಬನೇ ಅಲ್ಲ, ಅಮ್ಮನೂ ಹಾಕುತ್ತಿದ್ದಳು! ಅವತ್ತಿಂದ ಅಮ್ಮನ ಹಳೆಯ ಮಾತ್ರೆ ಡಬ್ಬಿ ಮೀನಿನ ಪಾಲಾಯಿತು. ಏಳು ದಿನದ ಏಳು ಖಾನೆ, ಒಂದೊಂದರಲ್ಲಿ ಆ ದಿನದ ಐದು ಕಾಳು, ಶನಿವಾರದ್ದು ಖಾಲಿ. ಯಾರು ಬೇಕಾದರೂ ಹಾಕಲಿ, ಖಾನೆ ಖಾಲಿ ಆಗಿದ್ದರೆ ಮೀನಿನ ಊಟ ಆಗಿದೆ. ನಿಮ್ಮ ಅತ್ತೆಗೂ ಆ ಡಬ್ಬಿಯನ್ನೇ ಕೊಟ್ಟುಬಿಡಿ, ಹಾಕುವ ಖುಷಿ ಅವರದ್ದೇ ಇರಲಿ.

ಈಗ ನಿಮ್ಮ ಮೀನು ನಿಜಕ್ಕೂ ದಪ್ಪ ಅನ್ನಿಸಿದರೆ ಎರಡು ದಿನ ಉಪವಾಸ, ಆಮೇಲೆ ಎರಡು ವಾರ ದಿನಕ್ಕೆ ನಾಲ್ಕೇ ಕಾಳು. ಫ್ರೋಜನ್ ಡಾಫ್ನಿಯಾ (ನೀರಿನ ಪುಟ್ಟ ಜೀವಿ) ಸಿಕ್ಕರೆ ಮಧ್ಯೆ ಒಂದು ಹೊತ್ತು ಕೊಡಿ, ಹೊಟ್ಟೆ ಸಡಿಲ ಆಗುತ್ತದೆ. ಬೇಯಿಸಿದ ಬಟಾಣಿ ಕೊಡಿ ಅಂತ ಅನೇಕರು ಹೇಳುತ್ತಾರೆ, ನನಗೆ ಒಪ್ಪಿಗೆಯಿಲ್ಲ, ಇದು ಹುಳ ತಿನ್ನುವ ಮೀನು. ನೀರಿನ ಬಿಸಿಯನ್ನೂ ನೋಡಿ. 25ರಿಂದ 28 ಡಿಗ್ರಿ ಇರಬೇಕು. ಡಿಸೆಂಬರ್‌ನಲ್ಲಿ ಮೈಸೂರಿನ ರಾತ್ರಿಗೆ ಅಷ್ಟು ಸಣ್ಣ ಟ್ಯಾಂಕ್ ತಣ್ಣಗಾಗಿಬಿಡುತ್ತದೆ, ತಣ್ಣೀರಲ್ಲಿ ತಿಂದದ್ದು ಬೇಗ ಅರಗುವುದಿಲ್ಲ. 25 ವಾಟ್‌ನ ಹೀಟರ್ ಸಾಕು.

ಪ್ರಶ್ನೆ: ನನ್ನ ಬೆಟ್ಟಾ ದಿನವೂ ತಿನ್ನುತ್ತದೆ, ಆದರೂ ಬಡಕಲಾಗುತ್ತಿದೆ. ಯಾಕೆ ಸಾರ್?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಜವಾಗಿ ನುಂಗುತ್ತಿದೆಯಾ? ಒಂದು ನಿಮಿಷ ನಿಂತು ನೋಡಿ. ಕಾಳು ದೊಡ್ಡದಾದರೆ ಬಾಯಿಗೆ ತಗೊಂಡು ಉಗುಳುತ್ತದೆ, ನಾವು ತಿಂದಿತು ಅಂದುಕೊಂಡು ಎದ್ದು ಹೋಗುತ್ತೇವೆ. ಉಗುಳಿದ್ದು ತಳದಲ್ಲಿ ಕೊಳೆತು ನೀರಲ್ಲಿ ಅಮೋನಿಯಾ ಏರುತ್ತದೆ, ಆಗ ಇದ್ದ ಹಸಿವೂ ಹೋಗುತ್ತದೆ. ಉಳಿದದ್ದನ್ನು ಡ್ರಾಪರ್‌ನಲ್ಲಿ ಎಳೆದು ತೆಗೆಯಿರಿ. ಪೆಲೆಟ್ ಪ್ಯಾಕೆಟ್ ಒಡೆದು ಆರು ತಿಂಗಳಾಗಿದ್ದರೆ ಹೊಸದು ತನ್ನಿ. ಚೆನ್ನಾಗಿ ನುಂಗಿಯೂ ಸೊರಗುತ್ತಿದ್ದು, ಹೇಲು ಬಿಳಿ ದಾರದಂತೆ ನೇತಾಡುತ್ತಿದ್ದರೆ ಹೊಟ್ಟೆಯಲ್ಲಿ ಪರಾವಲಂಬಿ ಇರಬಹುದು, ಅದಕ್ಕೆ ಔಷಧಿ ಬೇಕು. ವಯಸ್ಸೂ ಕಾರಣ ಇರಬಹುದು. ಅಂಗಡಿಗೆ ಬರುವಾಗಲೇ ಗಂಡು ಬೆಟ್ಟಾಗೆ ಸಾಮಾನ್ಯವಾಗಿ ಕೆಲವು ತಿಂಗಳಾಗಿರುತ್ತದೆ. ಮೂರು ವರ್ಷ ದಾಟಿದ ಮೇಲೆ ಮೈ ಇಳಿಯುವುದುಂಟು.

ಪ್ರಶ್ನೆ: ಹಬ್ಬಕ್ಕೆ ಐದು ದಿನ ಊರಿಗೆ ಹೋಗುತ್ತಿದ್ದೇವೆ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗಬೇಕಾ?
ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಆರೋಗ್ಯವಾಗಿರುವ ದೊಡ್ಡ ಬೆಟ್ಟಾ ಐದು ದಿನ ಏನೂ ತಿನ್ನದೆ ಇರುತ್ತದೆ. ಹೊರಡುವ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕುವುದನ್ನು ಮರೆಯಬೇಡಿ. ರಜೆಗೆಂದೇ ಮಾರುವ ಬಿಳಿ ಉಂಡೆ ಬೇಡ, ಅದು ಕರಗಿ ನೀರು ಕೆಡುತ್ತದೆ. ಹೊರಡುವಾಗ ‘ಐದು ದಿನಕ್ಕಾಗಲಿ’ ಅಂತ ಒಂದು ಮುಷ್ಟಿ ಸುರಿದು ಹೋಗಬೇಡಿ ಅಷ್ಟೆ.