ಉಗಾಂಡದ ಹಳ್ಳಿಗೆ ನಮ್ಮ ಚರ್ಚಿನಿಂದ ಸಹಾಯ: ಬಟ್ಟೆ ಕಳಿಸುವುದಾ, ದುಡ್ಡು ಕಳಿಸುವುದಾ, ನಾವೇ ಹೋಗುವುದಾ?

ನೀವು ಕೇಳಿದ್ದು ಇಷ್ಟು. ಹೊನ್ನಾವರ ಕಡೆಯ ನಿಮ್ಮ ಚರ್ಚಿನ ಯುವಕರು ಉಗಾಂಡದ ಒಂದು ಹಳ್ಳಿಗೆ ಏನಾದರೂ ಮಾಡಬೇಕು ಅಂತಿದ್ದಾರೆ, ನಿಮ್ಮೂರಿನ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಒಬ್ಬರು ಅಲ್ಲಿದ್ದಾರೆ. ಹಳೇ ಬಟ್ಟೆ ಒಟ್ಟು ಮಾಡಿ ಕಳಿಸುವುದಾ, ಹತ್ತು ಜನ ಹೋಗಿ ಶಾಲೆಗೆ ಒಂದು ಕೋಣೆ ಕಟ್ಟಿ ಬರುವುದಾ, ಇಲ್ಲಾ ದುಡ್ಡೇ ಕಳಿಸುವುದಾ? ಮತ್ತೆ, ಇದೆಲ್ಲ ಮತಾಂತರಕ್ಕೆ ಅನ್ನುವವರಿಗೆ ಏನು ಹೇಳುವುದು?

ದುಡ್ಡು ಕಳಿಸಿ. ಅದೂ ಹೊಸದು ಕಟ್ಟುವುದಕ್ಕೆ ಅಲ್ಲ, ಇರುವುದನ್ನು ನಡೆಸುವುದಕ್ಕೆ. ನಾನು ಕುಮಟಾದವನು. ಪಶ್ಚಿಮ ಉಗಾಂಡದಲ್ಲಿ ಒಂದು ಧರ್ಮಪ್ರಾಂತ್ಯದ (ಬಿಷಪ್ ಒಬ್ಬರ ಕೈಕೆಳಗಿನ ಚರ್ಚುಗಳ ವಲಯ) ಸಮಾಜಸೇವಾ ಕಚೇರಿಯಲ್ಲಿ ಕುಡಿಯುವ ನೀರಿನ ಕೆಲಸ ನೋಡಿಕೊಂಡು ಕೆಲವು ವರ್ಷ ಇದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಅಲ್ಲಿಯ ಕೈಪಂಪು ನಿಮಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ನಮ್ಮ ಪಂಚಾಯಿತಿ ಬೋರ್‌ವೆಲ್‌ಗಳ ಮೇಲೆ ಇರುತ್ತಿದ್ದ ಇಂಡಿಯಾ ಮಾರ್ಕ್ 2 ಪಂಪನ್ನೇ ಸ್ವಲ್ಪ ಬದಲಿಸಿ ಉಗಾಂಡದಲ್ಲಿ ಯು2 ಅನ್ನುತ್ತಾರೆ. ಇದರ ಮೂಲ ಸೊಲ್ಲಾಪುರದಲ್ಲಿ. ಅಲ್ಲಿ ಮಿಶನ್ನಿನವರ ಬಾವಿ ಕೆಲಸದಲ್ಲಿ ಹುಟ್ಟಿದ ಪಂಪನ್ನು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಸುಧಾರಿಸಿದರು. ಒಳ್ಳೇ ಗಟ್ಟಿ ಪಂಪು. ಆದರೂ 2009ರಲ್ಲಿ ಸಹಾರಾದ ಕೆಳಗಿನ ಆಫ್ರಿಕಾ ದೇಶಗಳ ಲೆಕ್ಕ ಒಟ್ಟು ಮಾಡಿದಾಗ ಸುಮಾರು ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿತ್ತು. ಹೆಚ್ಚಿನವು ಸಣ್ಣ ಕಾರಣಕ್ಕೇ ನಿಲ್ಲುತ್ತವೆ. ಸಿಲಿಂಡರಿನ ವಾಶರ್ ಸವೆಯುತ್ತದೆ, ರಾಡಿನ ಜೋಡಣೆ ಬಿಟ್ಟುಕೊಳ್ಳುತ್ತದೆ, ನೀರು ಸ್ವಲ್ಪ ಹುಳಿ ಗುಣದ್ದಾದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗಿಂದ ತುಕ್ಕು ಹಿಡಿದು ನೀರು ಕೆಂಪಾಗುತ್ತದೆ. ಬಟ್ಟೆಗೆ ಕಲೆ ಬೀಳುತ್ತದೆ, ಕುಡಿಯಲು ರುಚಿ ಇರುವುದಿಲ್ಲ, ಕೊನೆಗೆ ಹೆಂಗಸರು ಮಕ್ಕಳು ಹಳದಿ ಕ್ಯಾನು ಹಿಡಿದುಕೊಂಡು ಮತ್ತೆ ಜೌಗಿನ ಹೊಂಡಕ್ಕೇ ಹೋಗುತ್ತಾರೆ, ದನ ನೀರು ಕುಡಿಯುವ ಜಾಗಕ್ಕೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಬೋರ್‌ವೆಲ್ ಕೊರೆದ ಖರ್ಚಿನ ಮುಂದೆ ಆ ರಿಪೇರಿ ಏನೂ ಅಲ್ಲ.

ಹೊಸ ಪಂಪಿಗೆ ದಾನಿಗಳು ಸಿಗುತ್ತಾರೆ, ಉದ್ಘಾಟನೆ ಇದೆ, ಫೋಟೋ ಇದೆ. ಮೆಕ್ಯಾನಿಕ್‌ನ ಕೂಲಿಗೆ, ಪೇಟೆಯಿಂದ ಪೈಪು ತರುವ ಬಾಡಿಗೆಗೆ ಯಾರೂ ಕೊಡುವುದಿಲ್ಲ. ಹಳ್ಳಿಯ ನೀರಿನ ಸಮಿತಿ ಮನೆಮನೆಯಿಂದ ದುಡ್ಡು ಎತ್ತುತ್ತದೆ ನಿಜ, ಬೀನ್ಸು ಮೆಕ್ಕೆಜೋಳ ಮಾರಿದ ತಿಂಗಳಲ್ಲಿ ಬರುತ್ತದೆ, ಮಾರ್ಚ್ ಮಳೆಗೆ ಮುಂಚೆ ಕೈ ಖಾಲಿ ಇರುವಾಗ ಬರುವುದಿಲ್ಲ, ಪಂಪು ಜಾಸ್ತಿ ಕೆಡುವುದೂ ಆಗಲೇ. ನಿಮ್ಮ ದುಡ್ಡು ಹೋಗಬೇಕಾದದ್ದು ಅಲ್ಲಿಗೆ.

ಬಟ್ಟೆ ಬೇಡ. ಸಾಗಣೆ, ಕಸ್ಟಮ್ಸ್ ಲೆಕ್ಕ ಹಾಕಿದರೆ ಹಳೇ ಅಂಗಿಗೆ ಹೊಸ ಅಂಗಿಯ ರೇಟು ಬೀಳುತ್ತದೆ. ಹೊರಗಿನ ಹಳೇ ಬಟ್ಟೆ ಅಲ್ಲಿ ಈಗಾಗಲೇ ಸಂತೆ ತುಂಬ ಇದೆ, ತಮ್ಮ ಬಟ್ಟೆ ಗಿರಣಿ, ಟೈಲರುಗಳಿಗೆ ಇದರಿಂದ ಪೆಟ್ಟು ಅಂತ ಪೂರ್ವ ಆಫ್ರಿಕಾದ ದೇಶಗಳು 2016ರಲ್ಲಿ ಸೇರಿ ಇದರ ಆಮದು ಇಳಿಸುವ ತೀರ್ಮಾನ ಕೂಡ ಮಾಡಿದ್ದವು. ಬಟ್ಟೆಯೇ ಕೊಡಬೇಕು ಅನ್ನಿಸಿದರೆ ಅಲ್ಲಿಯ ಟೈಲರ್ ಕೈಯಲ್ಲಿ ಶಾಲೆ ಯೂನಿಫಾರ್ಮ್ ಹೊಲಿಸಿ. 1997ರಿಂದ ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಫೀಸಿಲ್ಲ, ಆದರೆ ಯೂನಿಫಾರ್ಮ್, ನೋಟ್‌ಬುಕ್, ಮಧ್ಯಾಹ್ನದ ಊಟ ಅಂತ ಮನೆಯವರ ಮೇಲೆ ಬೀಳುವುದು ಬೀಳುತ್ತಲೇ ಇದೆ, ಎಷ್ಟೋ ಮಕ್ಕಳು ಶಾಲೆ ಬಿಡುವುದು ಅದಕ್ಕೇ.

ಹತ್ತು ಜನ ಹೋಗುವುದೂ ಬೇಡ. ಇಟ್ಟಿಗೆ ಸುಡುವವರು, ಗಾರೆ ಕೆಲಸದವರು ಅಲ್ಲೇ ಇದ್ದಾರೆ, ಅವರಿಗೆ ಕೆಲಸ ಬೇಕಾಗಿದೆ. ವರ್ಷಗಟ್ಟಲೆ ಇರಬಲ್ಲ ನರ್ಸು, ಲೆಕ್ಕ ಬರೆಯುವವರು, ಮೆಕ್ಯಾನಿಕ್ ಒಬ್ಬರು ನಿಮ್ಮಲ್ಲಿದ್ದರೆ ಅವರು ಹೋಗಲಿ. ಯೆಲ್ಲೋ ಫೀವರ್ ಲಸಿಕೆ ಹೊರಡುವ 10 ದಿನಕ್ಕೆ ಮೊದಲೇ ಆಗಿರಬೇಕು. ಆ ಕಾರ್ಡು ಇಲ್ಲದೆ ಅಲ್ಲಿಂದ ಭಾರತಕ್ಕೆ ವಾಪಸ್ ಬಂದರೂ ಕ್ವಾರಂಟೈನಿನಲ್ಲಿ ಇಡುತ್ತಾರೆ.

ಇನ್ನೊಂದು ಒಳ್ಳೇ ಕೆಲಸ ಉಳಿತಾಯದ ಗುಂಪು. ನಮ್ಮ ಕಡೆ ಧರ್ಮಸ್ಥಳ ಸಂಘ ಇದ್ದ ಹಾಗೆ, ಆದರೆ ಬ್ಯಾಂಕ್ ಸಾಲ ಇಲ್ಲ, ಹದಿನೈದು ಇಪ್ಪತ್ತೈದು ಜನ ತಮ್ಮದೇ ದುಡ್ಡು ಹಾಕಿ ತಮ್ಮೊಳಗೇ ಸಾಲ ಕೊಟ್ಟುಕೊಂಡು ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಳ್ಳುತ್ತಾರೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂರು ಜನರ ಮನೆಯಲ್ಲಿ. 1991ರಲ್ಲಿ ನೈಜರ್ ದೇಶದಲ್ಲಿ ಶುರುವಾದ ಪದ್ಧತಿ ಇದು. ಗುಂಪಿಗೆ ತರಬೇತಿ ಕೊಡುವವರ ಸಂಬಳಕ್ಕೆ ನೀವು ಕೊಡಬಹುದು, ಪೆಟ್ಟಿಗೆಗೆ ಮಾತ್ರ ಹಾಕಬೇಡಿ. ಹೊರಗಿನ ದುಡ್ಡು ಬಂದರೆ ಸಾಲ ತೀರಿಸುವ ಶಿಸ್ತು ಹೋಗುತ್ತದೆ.

ಮತಾಂತರದ ಮಾತು. ಕೇಳುವವರ ಮೇಲೆ ಸಿಟ್ಟಾಗಬೇಡಿ, ಕೇಳಬೇಕಾದ ಪ್ರಶ್ನೆಯೇ ಅದು. ನೆರವನ್ನು ಯಾವ ಧರ್ಮದ, ಪಕ್ಷದ ಪ್ರಚಾರಕ್ಕೂ ಬಳಸಬಾರದು ಅಂತ 1994ರ ರೆಡ್ ಕ್ರಾಸ್ ನೀತಿಸಂಹಿತೆಯಲ್ಲೇ ಇದೆ, ಚರ್ಚಿನ ಎಷ್ಟೋ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಸುಮ್ನೆ ಬಾಯಿಮಾತಿಗೆ ಒಪ್ಪಬೇಡಿ, ಪಂಪು ಎಲ್ಲಿದೆ ಕೇಳಿ. ಚರ್ಚಿನ ಗೇಟಿನ ಒಳಗಾ, ರಸ್ತೆ ಬದಿಯ ಸಾರ್ವಜನಿಕ ಜಾಗದಲ್ಲಾ? ಸಮಿತಿಯಲ್ಲಿ ಮುಸ್ಲಿಮರು, ಬೇರೆ ಪಂಗಡದವರು ಇದ್ದಾರಾ? ನನಗೆ ಇದರಲ್ಲಿ ನೆನಪಾಗುವುದು ಉತ್ತರ ಉಗಾಂಡದ ಗುಲು ಪಟ್ಟಣದ ಲಾಕೋರ್ ಆಸ್ಪತ್ರೆ. ಕ್ಯಾಥೊಲಿಕ್ ಮಿಶನರಿಗಳು 1959ರಲ್ಲಿ ಶುರು ಮಾಡಿದ್ದು. 2000ರಲ್ಲಿ ಎಬೋಲಾ ಬಂದಾಗ ಆ ಆಸ್ಪತ್ರೆಯನ್ನು ನಡೆಸುತ್ತಿದ್ದ ಡಾ. ಮ್ಯಾಥ್ಯೂ ಲುಕ್ವಿಯಾ ಪ್ರಾಟೆಸ್ಟೆಂಟ್. ಹಲವು ನರ್ಸುಗಳು ತೀರಿಕೊಂಡ ಮೇಲೂ ವಾರ್ಡ್ ಬಿಡದೆ ಆ ಡಿಸೆಂಬರಿನಲ್ಲಿ ಅದೇ ರೋಗಕ್ಕೆ ಅವರೂ ಹೋದರು. ನಂಬಿಕೆ ಇದ್ದವರಿಂದ ನಾನು ಬಯಸುವುದು ಹೀಗೆ ನಿಲ್ಲುವುದನ್ನು.

ದುಡ್ಡಿನ ದಾರಿ. ವೈಯಕ್ತಿಕವಾಗಿ ಬ್ಯಾಂಕಿನಿಂದ ಹೊರದೇಶಕ್ಕೆ ದಾನ ಕಳಿಸಬಹುದು, ವರ್ಷಕ್ಕೆ ಒಬ್ಬರಿಗೆ ಎಲ್ಲಾ ಸೇರಿ 2.5 ಲಕ್ಷ ಡಾಲರ್ ಮಿತಿ ಇದೆ, ನಿಮಗದು ಅಡ್ಡ ಬರುವುದಿಲ್ಲ ಅಲ್ವಾ. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿ ಇದಕ್ಕೆ ಸಿಗುವುದಿಲ್ಲ. ಚರ್ಚಿನ ಟ್ರಸ್ಟ್ ಖಾತೆಯಿಂದ ಮಾತ್ರ ಆಡಿಟರ್ ಕೇಳದೆ ಕಳಿಸಬೇಡಿ, ಟ್ರಸ್ಟಿನ ಆದಾಯ ದೇಶದ ಹೊರಗೆ ಖರ್ಚಾದರೆ ತೆರಿಗೆ ವಿನಾಯಿತಿಗೆ ಪ್ರತ್ಯೇಕ ಅನುಮತಿ ಬೇಕು.

ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ವರ್ಷ ಚಂದಾವರ ಚರ್ಚಿನ ಹಬ್ಬದ ಹೊತ್ತಿಗೆ ಒಂದಿಷ್ಟು ಎತ್ತಿ ಕಳಿಸುವುದು ಒಳ್ಳೆಯದು. ಮೊದಲು ಸಿಸ್ಟರಿಗೆ ಬರೆದು ಕೇಳಿ: ಸುತ್ತ ಎಷ್ಟು ಪಂಪು ನಿಂತಿವೆ, ಮೆಕ್ಯಾನಿಕ್ ಯಾರು, ಹೋದ ವರ್ಷ ರಿಪೇರಿಗೆ ಎಷ್ಟಾಯಿತು, ನೀರು ಕೆಂಪಾಗುತ್ತದಾ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಯಾವ ಪೈಪು, ಯಾವ ಬಿಡಿಭಾಗ ತರಿಸಬೇಕು ಅಂತ ನಾನು ನೋಡಿ ಹೇಳುತ್ತೇನೆ.